ಮಾವನ ಮಗಳಿಗೆ ಫ್ರೆಂಚಿನಲ್ಲಿ

೧೨ ಜನವರಿ ೧೯೫೮, ಭಾನುವಾರ. ಜಿಬೂತಿ

ಮದಾಮ್ ಲೂಸಿಯೆನ್ ನಾಲ್ಕಕ್ಕೆ ಬಂದಳು. ಇವತ್ತೂ ಬಿಸ್ಕತ್ತಿನ ಡಬ್ಬ. ಮೊಟ್ಟೆ ಹಾಕಿದ್ದು ನಾವು ತಿನ್ನುವುದಿಲ್ಲ ಎಂದು ಹೇಳಬೇಕಾದರೆ ಮೊಟ್ಟೆಗೆ ಫ್ರೆಂಚಿನಲ್ಲಿ ಏನನ್ನುತ್ತಾರೆ ಎಂದು ಗೊತ್ತಿರಬೇಕಲ್ಲ. ಕೋಳಿಯಂತೆ ಕೂಗಿ ತೋರಿಸಿದೆ. ಮುಂದಿನ ವಾರ ಕೋಳಿ ತರುತ್ತಾಳೆ ಅಂತ ಕಾಣುತ್ತದೆ.

ಹೊಸ ವರ್ಷದಿಂದ ಪಾಠ. ಕಿವಿಗೆ ಬಿದ್ದದ್ದನ್ನು ಕನ್ನಡ ಅಕ್ಷರದಲ್ಲಿ ಇಲ್ಲಿ ಬರೆದುಕೊಳ್ಳುವುದು. ನೀರು — ಓ. ಹೌದು — ವುಯಿ. ಅವರ ಅಕ್ಷರ ಬೇಡ, ಬಾಯಿಗೆ ಮಾತು ಬಂದರೆ ಸಾಕು. ಇವರಿಗೆ ಈ ಪಾಠ ಇಷ್ಟವೇ ಇರಲಿಲ್ಲ. ‘ಮನೆಯಲ್ಲಿ ಕೂತುಕೊಳ್ಳುವವಳಿಗೆ ಫ್ರೆಂಚ್ ಯಾಕೆ?’ ಅಂದರು. ಲೂಸಿಯೆನ್ನಳೇ ಹಠ ಹಿಡಿದಳು. ಇವರು ಕೆಲಸ ಮಾಡುವ ಗುಜರಾತಿ ಸೇಟರ ಆಫೀಸಿಗೆ ಬಂದರಿನ ಫ್ರೆಂಚ್ ಕಾಗದ ಟೈಪು ಮಾಡಿಕೊಡುವವಳು. ಗಂಡ ಯುದ್ಧದಲ್ಲಿ ಸತ್ತನಂತೆ. ನಾನು ಒಬ್ಬಳೇ ಗೋಡೆ ನೋಡುತ್ತಾ ಕೂತಿರುವುದು ಅವಳ ಕಣ್ಣಿಗೆ ಬಿತ್ತು, ಕಟ್ಟಿಕೊಂಡವರ ಕಣ್ಣಿಗೆ ಬೀಳಲಿಲ್ಲ. ಇರಲಿ. ಗಂಡಸರಿಗೆ ಆಫೀಸಿನ ತಲೆಬಿಸಿ.

೨೬ ಜನವರಿ

ಇವತ್ತು ನೆಂಟಸ್ತಿಕೆಯ ಪಾಠ.

ಈ ಊರಿಗೆ ಬಂದ ದಿನದಿಂದ ಒಂದು ಶಬ್ದ ಕೇಳುತ್ತಾ ಇದ್ದೆ — ಕುಜೀನ್. ಬಿಳಿಯರು ಯಾರಾದರೂ ಎದುರಾದರೆ ಇವರು ನನ್ನ ಕಡೆ ಕೈ ತೋರಿಸಿ ‘ಮ ಕುಜೀನ್’ ಎನ್ನುವುದು. ಹೆಂಡತಿ ಎಂದಿರಬೇಕು ಅಂದುಕೊಂಡಿದ್ದೆ. ಲೂಸಿಯೆನ್ ಕಾಗದದ ಮೇಲೆ ಅಪ್ಪ, ಅಮ್ಮ, ಅವರ ಅಣ್ಣತಮ್ಮಂದಿರು, ಮಕ್ಕಳು ಎಂದು ಗೊಂಬೆ ಬರೆದು ತೋರಿಸಿದಳು. ಕುಜೀನ್ ಎಂದರೆ ಮಾವನ ಮಗಳು. ಸರಿಯೇ ಆಯಿತಲ್ಲ. ಇವರ ತಾಯಿ ನನ್ನ ಅಪ್ಪನ ಅಕ್ಕ. ನಾನು ಇವರ ಸೋದರಮಾವನ ಮಗಳೇ. ತೊಟ್ಟಿಲಲ್ಲಿ ಇರುವಾಗಲೇ ‘ಇವಳು ವೀರರಾಜನಿಗೆ’ ಎಂದು ಅತ್ತೆ ಹೇಳಿ ಆಗಿತ್ತು.

ಒಂದು ತಮಾಷೆ. ದೊಡ್ಡಪ್ಪನ ಮಗಳೂ ಕುಜೀನ್, ಚಿಕ್ಕಮ್ಮನ ಮಗಳೂ ಕುಜೀನ್. ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿದ್ದಾರೆ. ತಂಗಿ ಆಗುವವಳು ಯಾರು, ಹೆಂಡತಿ ಆಗುವವಳು ಯಾರು ಎಂದು ಈ ಜನಕ್ಕೆ ಹೇಗೆ ಗೊತ್ತಾಗುತ್ತದೋ. ಕೇಳುವಷ್ಟು ಫ್ರೆಂಚ್ ನನ್ನಲ್ಲಿ ಇಲ್ಲ.

ಖುಷಿಯೂ ಆಯಿತು, ಸುಳ್ಳು ಯಾಕೆ. ಹೆಂಡತಿ ಎಂದರೆ ಯಾರೂ ಆಗಬಹುದು. ಮಾವನ ಮಗಳು ಎಂದರೆ ನಾನೇ.

೧೬ ಫೆಬ್ರವರಿ

ನಿನ್ನೆ ಲೂಸಿಯೆನ್ ಮತ್ತು ಅವಳ ಅಕ್ಕ ಊಟಕ್ಕೆ ಬಂದಿದ್ದರು. ಹೊತ್ತು ಮುಳುಗುವ ಮೊದಲೇ ನನ್ನ ಊಟ ಮುಗಿದಿತ್ತು. ಕತ್ತಲಾದ ಮೇಲೆ ಉಣ್ಣುವುದನ್ನು ಇವರು ಬೊಂಬಾಯಿಯಲ್ಲೇ ಶುರು ಮಾಡಿದ್ದಾರೆ. ಜೈನರ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಅದು ಗಂಟಲಲ್ಲಿ ಇಳಿಯುವುದಿಲ್ಲ. ಬಡಿಸಿ ಒಳಗೆ ಬಂದು ಬಿದ್ದುಕೊಳ್ಳುವುದು. ಮೇಲೆ ತಾರಸಿಯಲ್ಲಿ ಅವರ ನಗು, ಮಾತು. ‘ನೀನು ಕೂತು ಏನು ಮಾಡ್ತಿ? ತಿನ್ನುವುದಿಲ್ಲ, ಮಾತೂ ಬರುವುದಿಲ್ಲ’ ಎನ್ನುತ್ತಾರೆ ಇವರು. ಅದೂ ನಿಜವೇ.

ಆದರೆ ನಿನ್ನೆ ಮಾತು ಬಂತು. ಅವಳ ಅಕ್ಕ ನನ್ನ ಕೈ ಹಿಡಿದು ಕೇಳಿದಳು — ಮಸಿಯೆ ವೀರರಾಜರ ಕುಜೀನ್ ನೀನೇ ಏನು ಎಂದು. ಮಸಿಯೆ ಎಂದರೆ ಶ್ರೀಯುತರು, ಪೂರ್ತಿ ಅರ್ಥವಾಯಿತು. ‘ವುಯಿ, ವುಯಿ, ಕುಜೀನ್’ ಎಂದು ಎದೆ ಮುಟ್ಟಿ ಹೇಳಿದೆ. ಲೂಸಿಯೆನ್ ಖುಷಿಯಲ್ಲಿ ಎರಡು ಕೆನ್ನೆಗೂ ಮುತ್ತು ಕೊಟ್ಟಳು. ಇವರು ಕುರ್ಚಿ ಸರಿಮಾಡುತ್ತಾ ಇದ್ದರು, ಹೊಗಳಲಿಲ್ಲ.

೯ ಮಾರ್ಚ್

ಊರಿಗೆ. ತಮ್ಮ ಚಂದ್ರರಾಜನ ಮದುವೆ ನಿಶ್ಚಯ ಆಗಿದೆ. ಇವರಿಗೆ ರಜೆ ಇಲ್ಲವಂತೆ, ನಾನೊಬ್ಬಳೇ ಹೋಗುವುದು. ಏಡನ್ನಿನಿಂದ ಸೇಟರ ಮನೆಯ ಹೆಂಗಸರು ಜೊತೆಗೆ. ‘ಸ್ವಲ್ಪ ದಿನ ಇದ್ದು ಬಾ. ನಾನೇ ಕರೆಸ್ತೇನೆ’ ಅಂದರು. ಸೀರೆಗೆ, ಬಳೆಗೆ ಎಂದೂ ಮನಸ್ಸು ಮಾಡದವರು ಈ ಸಲ ತಾವೇ ಪೇಟೆಗೆ ಕರೆದುಕೊಂಡು ಹೋದರು. ಕೇಳಿದ್ದೆಲ್ಲ ಕೊಡಿಸಿದರು.

ಮರೆಯಬಾರದು ಎಂದು ಲೂಸಿಯೆನ್ ಬೆರಳು ತೋರಿಸಿ ಹೆದರಿಸಿದ್ದಾಳೆ. ಮರೆಯುವುದಿಲ್ಲ. ಊರಿನಲ್ಲಿ ಫ್ರೆಂಚ್ ಬಲ್ಲವರು ಯಾರಾದರೂ ಸಿಕ್ಕಾರು.

೧೪ ಏಪ್ರಿಲ್. ಬಂಟ್ವಾಳ

ಹಡಗು, ಬೊಂಬಾಯಿ, ಮತ್ತೆ ಹಡಗು, ಮಂಗಳೂರು. ಅಲ್ಲಿಂದ ಬಸ್ಸು. ಪಾಣೆಮಂಗಳೂರಿನ ಸೇತುವೆ ಕಂಡಾಗ ಅಳು ಬಂತು. ಪಕ್ಕದ ಹೆಂಗಸು ‘ಯಾರು ತೀರಿಹೋದದ್ದು?’ ಎಂದು ಕೇಳಿದಳು. ಯಾರೂ ಇಲ್ಲ ಮಾರಾಯ್ತಿ, ನದಿ ನೋಡಿ ಅಷ್ಟೇ.

ಮೊದಲು ಅತ್ತೆಯ ಮನೆ. ಎಣ್ಣೆ ಹಚ್ಚಿ ಬಿಸಿನೀರು ಹೊಯ್ದರು, ಅಪ್ಪ ತೀರಿಕೊಂಡ ವರ್ಷ ಹೊಯ್ದ ಹಾಗೆ. ‘ಬಡವಾಗಿದ್ದೀ ಮಗಾ’ ಎಂದು ಬೆನ್ನು ಉಜ್ಜುತ್ತಾ ಇದ್ದರು. ಇವರ ಬಗ್ಗೆ ಒಂದು ಮಾತು ಕೇಳಲಿಲ್ಲ. ಮಗ ಹೇಗಿದ್ದಾನೆ, ಉಂಡನಾ, ದಪ್ಪ ಆದನಾ... ಯಾವುದೂ ಇಲ್ಲ. ನಾನೇ ಹೇಳಿದೆ. ಹೂಂ ಹೂಂ ಎಂದರು.

೪ ಮೇ. ಮೂಡುಬಿದಿರೆ

ಮದುವೆ ಚೆನ್ನಾಗಿ ಆಯಿತು. ಹುಡುಗಿ ಪ್ರೇಮಾವತಿ, ಬೆಳ್ತಂಗಡಿಯವಳು. ಮೆಲ್ಲಗೆ ಮಾತಾಡುತ್ತಾಳೆ. ಚಂದುವಿಗೆ ಜರಿ ಪೇಟ ಒಪ್ಪುತ್ತಿತ್ತು. ಅವನನ್ನು ಸೊಂಟದ ಮೇಲೆ ಹೊತ್ತು ಬಸದಿಯ ಕಂಬ ಎಣಿಸಲು ಕಲಿಸಿದವಳು ನಾನು. ಈಗ ಮೀಸೆ.

ನೆಂಟರಿಗೆಲ್ಲ ನನ್ನ ಬಾಯಿಂದ ಫ್ರೆಂಚ್ ಕೇಳಬೇಕು. ‘ಓ’ ಎಂದರೆ ನೀರು ಎಂದೆ. ‘ಓ ಅಂದರೆ ನಮ್ಮಲ್ಲಿ ಕರೆದವರಿಗೆ ಉತ್ತರ’ ಎಂದು ಎಲ್ಲ ನಕ್ಕರು.

ಇವರ ಕಾಗದ ಬಂತು. ಮಳೆ ಕಳೆಯಲಿ, ನೋಡುವ ಎಂದು ಬರೆದಿದ್ದಾರೆ. ಇನ್ನು ನಾಲ್ಕು ತಿಂಗಳು ಇದ್ದರೆ ಕಲಿತದ್ದೆಲ್ಲ ಹೋಗುತ್ತದೆ. ಚರ್ಚಿನ ಪಕ್ಕದ ಕಾನ್ವೆಂಟಿಗೆ ಹೊಸ ಸಿಸ್ಟರ್ ಬಂದಿದ್ದಾರಂತೆ, ಫ್ರಾನ್ಸಿನಲ್ಲಿ ಓದಿದವರು. ಹೋಗಿ ಕೇಳಬೇಕು.

೧೫ ಜೂನ್

ಸಿಸ್ಟರ್ ಯುಫ್ರೇಸಿಯಾ. ಕೊಂಕಣಿಯವರು, ನಮ್ಮ ಊರ ಕಡೆಯವರೇ. ಇವತ್ತು ಮೂರನೆಯ ಸಲ ಹೋದದ್ದು. ನಿಮ್ಮ ಬಗ್ಗೆ ಫ್ರೆಂಚಿನಲ್ಲಿ ಹೇಳಿ ನೋಡುವ ಅಂದರು. ಶುರು ಮಾಡಿದೆ. ನನ್ನ ಹೆಸರು ಅನಂತಮತಿ. ಇರುವುದು ಜಿಬೂತಿಯಲ್ಲಿ. ನಾನು ಮಸಿಯೆ ವೀರರಾಜರ ಕುಜೀನ್.

‘ವೀರರಾಜ ಅಂದರೆ ಯಾರು?’

‘ನಮ್ಮ ಯಜಮಾನರು.’

‘ಹಾಗಾದರೆ ಫಾಮ್ ಅನ್ನಬೇಕು. ಹೆಂಡತಿಗೆ ಫಾಮ್.’

‘ಫಾಮ್ ಅಂದರೆ ಹೆಂಗಸು ಅಂತ ಮದಾಮ್ ಹೇಳಿಕೊಟ್ಟಿದ್ದಾರೆ ಸಿಸ್ಟರ್.’

‘ಅದೂ ಹೌದು. ಆದರೆ ಇಂಥವರ ಫಾಮ್ ಅಂದರೆ ಹೆಂಡತಿಯೇ.’

‘ಅಲ್ಲಿ ಎಲ್ಲರೂ ನನ್ನನ್ನು ಕುಜೀನ್ ಅಂತಲೇ ಹೇಳುವುದು. ಇವರೂ ಹಾಗೆಯೇ.’

ಸಿಸ್ಟರ್ ಪೆನ್ಸಿಲು ಕೆಳಗೆ ಇಟ್ಟರು. ‘ನೋಡಿ ಅನಂತಮತಿ. ನಿಮ್ಮಲ್ಲಿ ಮಾವನ ಮಗಳನ್ನು ಮದುವೆ ಆಗುವುದು ಉಂಟು. ನಮ್ಮ ಕ್ರಿಸ್ತುವರಲ್ಲಿ ಅದು ಕೂಡದು. ಆ ಜನಕ್ಕೆ ಕುಜೀನ್ ಅಂದರೆ ತಂಗಿ ಇದ್ದ ಹಾಗೆ. ಕುಜೀನ್ ಅಂತ ಹೇಳಿದರೆ ಇವಳು ಹೆಂಡತಿ ಅಲ್ಲ ಅಂತಲೇ ಅವರು ತಿಳಿಯುವುದು.’

‘ಇವರಿಗೆ ಅದು ಗೊತ್ತಿರಲಿಕ್ಕಿಲ್ಲ.’

‘ಅಲ್ಲಿ ಎಷ್ಟು ವರ್ಷ ಆಯಿತು ಅವರಿಗೆ?’

‘ಆರು.’

ಸಿಸ್ಟರ್ ಎದ್ದರು. ಕಾಫಿ ಕುಡೀತೀರಾ ಎಂದು ಕೇಳಿದರು.

೧೬ ಜೂನ್

ನಾನೇ ಹೇಳಿದ್ದು. ವುಯಿ, ವುಯಿ. ಎದೆ ಮುಟ್ಟಿಕೊಂಡು.

೧೯ ಜೂನ್

ಅಡಿಗೆ ಮಾಡಿ ಬಡಿಸಲು ಊರಿನಿಂದ ಬಂದ ತಂಗಿ. ಲೂಸಿಯೆನ್ನಳ ಕಣ್ಣಿಗೆ ನಾನು ಅಷ್ಟೇ. ಅದಕ್ಕೇ ಅಷ್ಟು ಪ್ರೀತಿ. ಅದಕ್ಕೇ ಭಾನುವಾರ ಭಾನುವಾರ ಬಿಸ್ಕತ್ತು. ನಾಳೆ ತನ್ನ ನಾದಿನಿ ಆಗುವವಳು ಎಂದು. ನಾನು ಹೊತ್ತಿಗೆ ಮೊದಲೇ ಉಂಡು ಒಳಗೆ ಮಲಗಿದರೆ ಮೇಲೆ ಇವರಿಬ್ಬರು. ನನ್ನ ನೇಮವನ್ನೇ ಬಾಗಿಲ ಚಿಲಕ ಮಾಡಿಕೊಂಡರು.

ಅವಳ ಮೇಲೆ ಸಿಟ್ಟು ಬರಿಸಿಕೊಳ್ಳಲು ನೋಡಿದೆ. ಬರುವುದಿಲ್ಲ. ಅವಳಿಗೂ ಅದೇ ಮೋಸ.

ಅಥವಾ ಇದೆಲ್ಲ ನನ್ನ ಭ್ರಮೆ ಇರಬಹುದು. ಅತ್ತೆಯನ್ನು ಕೇಳಿದರೆ ಗೊತ್ತಾಗುತ್ತದೆ. ಕೇಳಲು ಧೈರ್ಯ ಇಲ್ಲ.

೫ ಜುಲೈ. ಬಂಟ್ವಾಳ

ಕೇಳಿದೆ. ಅತ್ತೆ ಅಕ್ಕಿ ಆರಿಸುತ್ತಾ ಇದ್ದರು, ನಿಲ್ಲಿಸಲಿಲ್ಲ.

‘ಅವ ಸುಳ್ಳು ಹೇಳಿದನಾ ಮಗಾ? ನೀನು ಅವನ ಮಾವನ ಮಗಳು ಹೌದೋ ಅಲ್ಲವೋ?’

‘ಹೆಂಡತಿಯೂ ಹೌದು.’

‘ಹೌದು. ಅದನ್ನು ಹೇಳಲಿಲ್ಲ. ಹೇಳದೆ ಇದ್ದದ್ದು ಸುಳ್ಳಾಗ್ತದಾ?’

‘ನಿಮಗೆ ಯಾವಾಗಿನಿಂದ ಗೊತ್ತು?’

‘ನಿನ್ನನ್ನು ಅಲ್ಲಿಗೆ ಕಳಿಸುವ ಮೊದಲೇ. ನೀನು ಹತ್ತಿರ ಇದ್ದರೆ ಸರಿ ಆಗ್ತಾನೆ ಅಂತ ಗ್ರಹಿಸಿದೆ. ಆಗಲಿಲ್ಲ. ಡಿಸೆಂಬರಿನಲ್ಲಿ ಆ ದೊರೆಸಾನಿಯನ್ನು ಮದುವೆ ಆಗ್ತಾನಂತೆ. ಎಂತ ಮಾಡುವುದು? ಒಬ್ಬನೇ ಮಗ. ನೀನು ಸುಮ್ಮನೆ ಇದ್ದರೆ ಎಲ್ಲರ ಮರ್ಯಾದೆ ಉಳೀತದೆ.’

ನನ್ನನ್ನು ಎತ್ತಿ ಆಡಿಸಿದವರು. ಅಪ್ಪನ ಅಕ್ಕ. ಗಂಡನ ಮನೆ ಎಂದು ಒಂದು ದಿನ ಅನ್ನಿಸಲಿಲ್ಲ ನನಗೆ, ಅತ್ತೆಯ ಮನೆ ಎಂದೇ ಬರುತ್ತಿದ್ದೆ. ಹೊರಗಿನವರು ಹೀಗೆ ಮಾಡಿದರೆ ಬೈಯಬಹುದು. ಇವರನ್ನು ಯಾವ ಬಾಯಲ್ಲಿ ಬೈಯಲಿ? ಊಟಕ್ಕೆ ಏಳು ಎಂದರು. ಎದ್ದು ಬಸ್ಸಿಗೆ ಬಂದೆ.

೬ ಜುಲೈ. ಮೂಡುಬಿದಿರೆ

ಅಮ್ಮನಿಗೆ ಹೇಳಿದೆ. ಅಳುತ್ತಾರೆ ಅಂದುಕೊಂಡಿದ್ದೆ. ‘ಗೊತ್ತಾಯಿತಾ?’ ಎಂದರು. ಅಷ್ಟೇ. ಆಮೇಲೆ ಸಮಾಧಾನ.

‘ನಮ್ಮದು ಅಳಿಯಕಟ್ಟು. ಮನೆ ಹೆಣ್ಣಿನದು. ಈ ಮನೆ ನಿನ್ನದು, ಗದ್ದೆ ನಿನ್ನದು. ಗಂಡ ಬಿಟ್ಟರೆ ಬೀದಿಗೆ ಬೀಳುವವರು ಬೇರೆ ಜಾತಿಯವರು. ನಿನಗೆ ಎಂತ ಕಮ್ಮಿ?’

ಗಂಡ ಹೋದ ಎಂದರೆ ಗದ್ದೆ ಉಂಟು ಎನ್ನುತ್ತಾರೆ. ನನಗೆ ಎಂತ ಕಮ್ಮಿ ಎಂದು ಅವರಿಗೆ ಹೇಳಿ ತಿಳಿಸುವ ಶಬ್ದ ಕನ್ನಡದಲ್ಲೂ ಇಲ್ಲ, ತುಳುವಿನಲ್ಲೂ ಇಲ್ಲ. ಬಾಗಿಲು ಹಾಕಿ ಕೂತೆ.

೨೦ ಜುಲೈ

ಲೂಸಿಯೆನ್ನಳಿಗೆ ಎರಡು ಸಾಲು ಬರೆದುಕೊಡಿ ಎಂದು ಸಿಸ್ಟರನ್ನು ಬೇಡಿಕೊಂಡೆ. ಅವರ ಕೈಯಲ್ಲಿ ಇಲ್ಲವಂತೆ. ಕಾನ್ವೆಂಟಿನಿಂದ ಹೋಗುವ ಕಾಗದ ಎಲ್ಲ ದೊಡ್ಡ ಸಿಸ್ಟರ್ ಓದಿಯೇ ಕಳಿಸುವುದು. ಬರೆದರೂ ಎಲ್ಲಿಗೆ? ಅವಳ ಟಪಾಲೆಲ್ಲ ಆ ಆಫೀಸಿಗೇ, ಬಿಚ್ಚುವುದು ಅವ.

ಅವ ಎಂದು ಬರೆದೆ. ಇವರು, ಇವರು ಎಂದು ಇಷ್ಟು ದಿನ ಬರೆದದ್ದು ಸಾಕು.

೩೧ ಆಗಸ್ಟ್

ಇವತ್ತಿನದು ಬರೆಯಲು ಕೈ ಬರುವುದಿಲ್ಲ.

ಚಂದು ಕುಣಿಯುತ್ತಾ ಬಂದ. ಕೆಲಸ ಆಯಿತಂತೆ. ಜಿಬೂತಿಯಲ್ಲಿ. ಸೇಟರ ಅದೇ ಆಫೀಸು. ಅಕ್ಟೋಬರಿನ ಹಡಗು. ನನ್ನ ಮುಖ ನೋಡಿ ಅವನ ಕುಣಿತ ನಿಂತಿತು. ‘ಭಾವನ ಹತ್ತಿರ ನೀನು ಕೇಳಿದ್ದಾ?’ ಎಂದೆ. ‘ಅವರೇ ಹೇಳಿದ್ದು’ ಎಂದು ಅಂಗಿಯ ಗುಂಡಿ ತಿರುಗಿಸುತ್ತಾ ನಿಂತ.

ಪ್ರೇಮಾವತಿ ಪಾಪ, ಏನೂ ಅರಿಯದವಳು. ‘ಭಾವ ಕೆಲಸ ಕೊಡಿಸ್ತಾರೆ ಅಂತ ಮಾತಾದ ಮೇಲೆಯೇ ಅಲ್ಲವಾ ಅತ್ತಿಗೆ, ನಮ್ಮ ಮನೆಯಲ್ಲಿ ಮದುವೆಗೆ ಒಪ್ಪಿದ್ದು?’ ಎಂದಳು.

ಅಂದರೆ ಮದುವೆಗೂ ಮೊದಲು. ಅಂದರೆ ನಾನು ಅಲ್ಲಿ ಹಡಗು ಹತ್ತುವ ಮೊದಲೇ ಇಲ್ಲಿ ಎಲ್ಲ ಮಾತಾಗಿದೆ. ಆಮೇಲೆ ಚಂದುವಿನ ಬಾಯಿ ಬಿಡಿಸಿದೆ. ಅಕ್ಕನನ್ನು ಊರಿನಲ್ಲೇ ನಿಲ್ಲಿಸಿಕೊಂಡರೆ, ಗಲಾಟೆ ಆಗದಿದ್ದರೆ, ತಮ್ಮನಿಗೆ ಕೆಲಸ. ಅತ್ತೆ ಮಾತು ತಂದದ್ದು, ಅಮ್ಮ ಒಪ್ಪಿದ್ದು, ಚಂದು ಹೂಂ ಎಂದದ್ದು. ಮದುವೆಯಲ್ಲಿ ನಾನು ಆರತಿ ಎತ್ತಿ ಹಾಡಿದೆ. ನಾನು ಹಾಡುವಾಗ ಮೂವರೂ ಎದುರಲ್ಲೇ ಇದ್ದರು.

‘ನನ್ನ ಬದುಕಿನ ಪ್ರಶ್ನೆ ಅಕ್ಕ’ ಎಂದ. ನನ್ನದು ಏನಂತೆ?

೧೪ ಸೆಪ್ಟೆಂಬರ್

ಎರಡು ವಾರ ನಾನು ಅವನೊಡನೆ ಮಾತಾಡಲಿಲ್ಲ. ಇವತ್ತು ಚಾಪೆಯ ತುದಿಯಲ್ಲಿ ಬಂದು ಕೂತ. ಸಣ್ಣವನಿರುವಾಗ ಪೆಟ್ಟು ತಿಂದು ಬಂದು ಕೂರುತ್ತಿದ್ದ ಹಾಗೆ. ‘ಅಕ್ಕ, ಸ್ವಲ್ಪ ಫ್ರೆಂಚ್ ಹೇಳಿಕೊಡ್ತೀಯಾ?’

ನಾಚಿಕೆ ಎನ್ನುವುದು ಇವರ ಮನೆ ಕಡೆ ಸುಳಿಯುವುದಿಲ್ಲವೇ ಎಂದುಕೊಂಡೆ. ಇವರ ಮನೆ ಎಂದರೆ ನನ್ನ ಮನೆಯೇ, ಅದೂ ಒಂದು.

ಹೇಳಿಕೊಟ್ಟೆ. ನೀರು. ಹೌದು. ನಮಸ್ಕಾರ. ನಾಲಿಗೆ ಚುರುಕು, ನನಗಿಂತ ಬೇಗ ಹಿಡಿಯುತ್ತಾನೆ. ಸಿಸ್ಟರ್ ಹತ್ತಿರ ಕಲಿ ಎಂದರೆ ಕಾನ್ವೆಂಟಿಗೆ ಗಂಡಸರು ಹೋಗುವುದು ಹೇಗೆ ಎಂದ.

೨೧ ಸೆಪ್ಟೆಂಬರ್

ಇವತ್ತು ಪಾಠ ಮುಗಿಯುವ ಹೊತ್ತಿಗೆ ತಲೆ ತಗ್ಗಿಸಿ ಹೇಳಿದ, ‘ಅಕ್ಕ, ಒಂದು ವಾಕ್ಯ ಬೇಕಿತ್ತು.’

‘ಯಾವುದು?’

‘ಬಂದರಿಗೆ ಭಾವನ ಜೊತೆ ಆ ಮದಾಮ್ ಬರ್ತಾರಂತೆ. ನಿನ್ನನ್ನು ಕೇಳಿಯೇ ಕೇಳ್ತಾರಂತೆ, ಕುಜೀನ್ ಯಾಕೆ ಬರಲಿಲ್ಲ ಅಂತ. ಅಕ್ಕನಿಗೆ ಊರಲ್ಲಿ ಮದುವೆ ಆಯಿತು ಅಂತ ಹೇಳಬೇಕು ಅಂತ ಭಾವ... ಅತ್ತೆಯೂ ಹಾಗೇ ಹೇಳಿದರು. ಅದು ಫ್ರೆಂಚಿನಲ್ಲಿ ಹೇಗೆ?’

ನನ್ನ ಹತ್ತಿರವೇ ಕೇಳಿದ. ನನ್ನ ತಮ್ಮ. ಬೇರೆ ಯಾರೂ ಸಿಗಲಿಲ್ಲ ಅವನಿಗೆ.

ಎದ್ದು ಒಳಗೆ ಹೋಗಿ ನೀರು ಕುಡಿದು ಬಂದೆ. ಆಮೇಲೆ ಹೇಳಿಕೊಟ್ಟೆ. ಮ ಸರ್ ಎ ಸ ಫಾಮ್.

‘ಸರ್ ಅಂದರೆ ಮೇಷ್ಟ್ರಾ?’

‘ಅಕ್ಕ. ಮ ಸರ್, ನನ್ನ ಅಕ್ಕ.’

‘ಫ್ಯಾಮ್... ಫ್ಯಾಮಿಲಿಯಾ?’

‘ಹೌದು, ಫ್ಯಾಮಿಲಿಯೇ.’

‘ಓ, ಅಕ್ಕ ಫ್ಯಾಮಿಲಿ ಆದಳು ಅಂತ. ಸರಿ ಸರಿ.’

ನಮ್ಮ ಗಂಡಸರು ಹೆಂಡತಿ ಎನ್ನಲು ನಾಚಿಕೊಂಡು ‘ನಮ್ಮ ಫ್ಯಾಮಿಲಿ’ ಎನ್ನುತ್ತಾರಲ್ಲ. ಆ ಲೆಕ್ಕದಲ್ಲಿ ನಾನು ಹೇಳಿದ್ದು ಸುಳ್ಳಲ್ಲ. ‘ಸ’ ಎಂದರೆ ಏನು ಎಂದು ಅವ ಕೇಳಲಿಲ್ಲ, ನಾನು ಹೇಳಲಿಲ್ಲ. ಸ ಎಂದರೆ ಇವರ. ನನ್ನ ಅಕ್ಕ ಇವರ ಹೆಂಡತಿ.

‘ಹೇಳುವ ಮೊದಲು ಭಾವನ ಕಡೆ ಕೈ ತೋರಿಸು’ ಎಂದೆ. ‘ಅಲ್ಲಿ ದೊಡ್ಡವರಿಗೆ ಕೊಡುವ ಮರ್ಯಾದೆ ಅದು.’

ಎದ್ದು ನಿಂತು, ಗೋಡೆಯ ಕಡೆ ಕೈ ತೋರಿಸಿ ಹೇಳಿದ. ಫಾಮ್ ಗಟ್ಟಿಯಾಗಿ ಬರಲಿಲ್ಲ. ಇನ್ನೊಮ್ಮೆ ಹೇಳಿಸಿದೆ.

೨೮ ಸೆಪ್ಟೆಂಬರ್

ಗೊತ್ತಾದ ಗಳಿಗೆಗೆ ಅವನ ಕೆಲಸ ಹೋಗಬಹುದು. ಪ್ರೇಮಾವತಿಯ ಮುಖ ನೋಡಲಾಗುವುದಿಲ್ಲ. ಲೂಸಿಯೆನ್ ಬಂದರಿನಲ್ಲಿ ಟೋಪಿ ಹಾಕಿಕೊಂಡು ನಿಂತಿರುತ್ತಾಳೆ, ನಗುತ್ತಾ. ಅವಳ ಎದೆ ಒಡೆಯುತ್ತದೆ. ಡಿಸೆಂಬರಿನಲ್ಲಿ ಮದುವೆ ಆದ ಮೇಲೆ ಒಡೆಯುವುದಕ್ಕಿಂತ ಈಗಲೇ ಒಡೆಯಲಿ.

ಇವತ್ತು ಎರಡು ಸಲ ಚಂದುವನ್ನು ಕರೆದೆ, ಬಿಡು, ಆ ವಾಕ್ಯ ತಪ್ಪು ಎಂದು ಹೇಳಲು. ಎರಡು ಸಲವೂ ಓಗೊಟ್ಟ. ‘ಎಂತ ಅಕ್ಕ?’ ಏನಿಲ್ಲ, ಉಗುರು ಕತ್ತರಿಸಿಕೋ ಎಂದೆ.

ನಾನು ಲೂಸಿಯೆನ್ನಳಿಗೆ ಒಂದು ಸಲವೂ ನಿಜ ಹೇಳದೆ ಬಂದಿದ್ದೇನೆ. ಆ ಮನೆಯಲ್ಲಿ ಹೆಂಡತಿಯಾಗಿ ಬದುಕಿದ್ದೆ ಎಂದು ಆ ಊರಿನಲ್ಲಿ ಒಬ್ಬರಿಗಾದರೂ ಗೊತ್ತಾಗಬೇಕು. ನನಗೆ ಅವ ಬೇಡ, ಗದ್ದೆಯೂ ಬೇಡ. ಅಷ್ಟು ಗೊತ್ತಾದರೆ ಸಾಕು.

೯ ಅಕ್ಟೋಬರ್

ಬೆಳಗ್ಗಿನ ಬಸ್ಸಿಗೆ ಹೊರಟ. ಅತ್ತೆಯೂ ಬಂಟ್ವಾಳದಿಂದ ಬಂದಿದ್ದರು. ಕಾಲಿಗೆ ಬಿದ್ದ, ನನ್ನ ಕಾಲಿಗೂ. ತಲೆಯ ಮೇಲೆ ಕೈ ಇಟ್ಟೆ. ಇಡದೆ ಇರಲು ಆಗಲಿಲ್ಲ.

ಬಸ್ಸಿನ ಒಳಗಿನಿಂದ ತಲೆ ಹೊರಗೆ ಹಾಕಿ, ‘ಅಕ್ಕ, ಸರಿ ಉಂಟಾ ನೋಡು’ ಎಂದು ಡ್ರೈವರನ ಕಡೆ ಕೈ ತೋರಿಸಿ ಪೂರ್ತಿ ಹೇಳಿದ. ಫಾಮ್ ಚೆನ್ನಾಗಿ ಬಂತು. ಸರಿ ಉಂಟು ಎಂದೆ. ‘ಎಷ್ಟು ಚಂದ ಕಲಿಸಿದ್ದೀ’ ಎಂದು ಅತ್ತೆ ನನ್ನ ಭುಜ ಸವರಿದರು.

ಹಿಂದೆ ಬರುವಾಗ ದಾರಿಯಲ್ಲಿ ಅಮ್ಮ ಕೇಳಿದರು, ‘ಅವ ಹೇಳಿದ್ದಕ್ಕೆ ಅರ್ಥ ಎಂತ?’

‘ಅಕ್ಕನಿಗೆ ಮದುವೆ ಆಗಿದೆ ಅಂತ’ ಎಂದೆ.

ಯಾರ ಜೊತೆ ಅಂತ ಅಮ್ಮ ಕೇಳಲಿಲ್ಲ. ಕೇಳಿದ್ದರೆ ಅದನ್ನೂ ಹೇಳುತ್ತಿದ್ದೆ.